ಪಿಕಪ್ ಟ್ರಕ್ಕಿನ ಮೇಲಿನ ಆ ಕೆಂಪು ಬಾವುಟ

ನೀವು ಸೌತ್ ಕ್ಯಾರೊಲಿನಾದ ಗ್ರೀನ್‌ವಿಲ್‌ಗೆ ಬಂದು ಎರಡು ತಿಂಗಳಾಗಿದೆ. ಸಹೋದ್ಯೋಗಿಯೊಬ್ಬರ ಪಿಕಪ್ ಬಂಪರಿನ ಮೇಲೆ ನೀಲಿ ಅಡ್ಡಗೆರೆಯ ಕೆಂಪು ಬಾವುಟದ ಸ್ಟಿಕ್ಕರ್ ಇದೆ. ಊಟದ ಹೊತ್ತಿನಲ್ಲಿ ಅದರ ಮೇಲೆ ಮಾತು ಬೆಳೆಯಿತು. 'ನಮಗೂ ಇದಕ್ಕೂ ಸಂಬಂಧ ಇಲ್ಲ, ನಾವು ಓದಿ ದುಡಿದು ಮೇಲೆ ಬಂದವರು' ಅಂದಿರಿ, ಟೇಬಲ್ ತಣ್ಣಗಾಯಿತು. ಅಂದದ್ದರಲ್ಲಿ ತಪ್ಪೇನು, ಆ ಸ್ಟಿಕ್ಕರನ್ನು ಆಫೀಸಿನವರು ತೆಗೆಸಬಹುದೇ, ಈ ಪ್ರಿವಿಲೇಜ್ ಅನ್ನೋದು ಏನು ಅಂತ ಕೇಳಿದ್ದೀರಿ.

ಮೊದಲು ಬಾವುಟ. ಕೆಂಪು ನೆಲ, ಮೂಲೆಯಿಂದ ಮೂಲೆಗೆ ನೀಲಿ ಗುಣಾಕಾರ ಚಿಹ್ನೆ, ಅದರೊಳಗೆ 13 ಬಿಳಿ ನಕ್ಷತ್ರ. ಇದು ಕಾನ್ಫೆಡರಸಿಯ, ಅಂದರೆ 1860–61ರಲ್ಲಿ ಅಮೆರಿಕದ ಒಕ್ಕೂಟ ಬಿಟ್ಟು ಯುದ್ಧಕ್ಕಿಳಿದ ದಕ್ಷಿಣ ರಾಜ್ಯಗಳ ಕೂಟದ, ರಾಷ್ಟ್ರಧ್ವಜವಾಗಿರಲೇ ಇಲ್ಲ. ಅದರ ಜನರಲ್ ಲೀ ಅವರ ಉತ್ತರ ವರ್ಜೀನಿಯಾ ಸೇನೆಯ ಯುದ್ಧಧ್ವಜ, ಅದೂ ಚೌಕಾಕಾರದ್ದು. ಬೇರೆಯಾದದ್ದು 11 ರಾಜ್ಯ. ಕೆಂಟಕಿ ಮತ್ತು ಮಿಸೌರಿಯನ್ನೂ ತಮ್ಮದೆಂದುಕೊಂಡದ್ದರಿಂದ ನಕ್ಷತ್ರ 13. ನಿಜವಾದ ಮೊದಲ ರಾಷ್ಟ್ರಧ್ವಜ ನೋಡಬೇಕೆಂದರೆ ಐ-85 ಹಿಡಿದು ಅಟ್ಲಾಂಟಾ ಕಡೆ ಹೋಗಿ. ಜಾರ್ಜಿಯಾ ರಾಜ್ಯದ ಈಗಿನ ಬಾವುಟ, ಅಂದರೆ ಕೆಂಪು-ಬಿಳಿ-ಕೆಂಪು ಪಟ್ಟಿ, ನೀಲಿ ಮೂಲೆಯಲ್ಲಿ ನಕ್ಷತ್ರಗಳ ಉಂಗುರ, ಅದರದ್ದೇ ಅಚ್ಚು. 1956ರಿಂದ ಅವರ ಬಾವುಟದಲ್ಲಿ ಯುದ್ಧಧ್ವಜವೇ ಇತ್ತು. 2001ರಲ್ಲಿ ತೆಗೆದರು, 2003ರಲ್ಲಿ ಇದನ್ನು ತಂದರು. ಹೆಚ್ಚಿನವರಿಗೆ ಗುರುತು ಸಿಗದ್ದರಿಂದ ಗಲಾಟೆಯೂ ಇಲ್ಲ. ಹಾಗೆಯೇ, ಹಳದಿ ಬಟ್ಟೆಯ ಮೇಲೆ ಸುರುಳಿ ಸುತ್ತಿದ ಹಾವಿನ ಬಾವುಟ ಕಂಡರೆ ಅದು ಬೇರೆ, 1775ರ ಸ್ವಾತಂತ್ರ್ಯಯುದ್ಧದ ಕಾಲದ್ದು. ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿ ಮಾತಾಡಿದರೆ ವಾದ ಶುರುವಾಗುವ ಮೊದಲೇ ಸೋತಿರುತ್ತೀರಿ.

'ಇದು ದ್ವೇಷ ಅಲ್ಲ, ನಮ್ಮ ಪರಂಪರೆ. ಯುದ್ಧ ನಡೆದದ್ದು ರಾಜ್ಯಗಳ ಹಕ್ಕಿಗಾಗಿ' ಅನ್ನುವ ಮಾತು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ಇದಕ್ಕೆ ಉತ್ತರ ಹುಡುಕಲು ಇವತ್ತಿನ ಪತ್ರಿಕೆ ಓದಬೇಕಿಲ್ಲ. ನೀವಿರುವ ರಾಜ್ಯ 1860ರ ಡಿಸೆಂಬರ್ 20ರಂದು, ಎಲ್ಲರಿಗಿಂತ ಮೊದಲು, ಒಕ್ಕೂಟ ಬಿಟ್ಟಿತು. ನಾಲ್ಕು ದಿನ ಬಿಟ್ಟು ಕಾರಣಗಳ ಘೋಷಣೆ ಹೊರಡಿಸಿತು. ಅದರಲ್ಲಿರುವ ದೂರೇನು ಗೊತ್ತೇ? ಓಡಿಹೋದ ಗುಲಾಮರನ್ನು ಹಿಡಿದು ವಾಪಸ್ ಕೊಡಬೇಕೆಂಬ ಫೆಡರಲ್ ಕಾನೂನನ್ನು ಉತ್ತರದ ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಂಡು ತಡೆಯುತ್ತಿವೆ ಅಂತ. ಅಂದರೆ ಉತ್ತರದವರು ತಮ್ಮ ರಾಜ್ಯದ ಹಕ್ಕು ಚಲಾಯಿಸಿದ್ದೇ ಇವರ ತಕರಾರು! ಮಿಸಿಸಿಪ್ಪಿಯ ಘೋಷಣೆ ಇನ್ನೂ ನೇರ: ನಮ್ಮ ನಿಲುವು ಗುಲಾಮಗಿರಿಯ ವ್ಯವಸ್ಥೆಯೊಂದಿಗೆ ಪೂರ್ತಿ ಬೆಸೆದುಕೊಂಡಿದೆ ಎನ್ನುತ್ತದೆ. 1861ರ ಮಾರ್ಚ್‌ನಲ್ಲಿ ಕಾನ್ಫೆಡರಸಿಯ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ಸವಾನಾದಲ್ಲಿ ಮಾಡಿದ ಭಾಷಣ, ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ ಎಂಬುದೇ ಹೊಸ ಸರ್ಕಾರದ ಮೂಲೆಗಲ್ಲು ಎಂದಿತು. ಆಗ ಸೌತ್ ಕ್ಯಾರೊಲಿನಾದ ಜನಸಂಖ್ಯೆ ಸುಮಾರು 7 ಲಕ್ಷ. ಅದರಲ್ಲಿ 4 ಲಕ್ಷ ಜನ ಗುಲಾಮರು. ಪರಂಪರೆ ಅನ್ನುವವರಿಗೆ, ಈ 4 ಲಕ್ಷ ಜನರ ಮೊಮ್ಮಕ್ಕಳದ್ದೂ ಇದೇ ರಾಜ್ಯದ ಪರಂಪರೆ ತಾನೇ ಅಂತ ಕೇಳಬಹುದು. ಕೇಳುವ ಧಾಟಿ ಮೆತ್ತಗಿರಲಿ.

ಯುದ್ಧ ಮುಗಿದದ್ದು 1865ರಲ್ಲಿ. ರಾಜ್ಯದ ರಾಜಧಾನಿ ಕೊಲಂಬಿಯಾದ ವಿಧಾನಸೌಧದ ಗುಮ್ಮಟದ ಮೇಲೆ ಈ ಬಾವುಟ ಏರಿದ್ದು 1961ರಲ್ಲಿ, ಯುದ್ಧ ಶುರುವಾದದ್ದರ ಶತಮಾನೋತ್ಸವದ ಹೆಸರಲ್ಲಿ. ನಡುವಿನ 96 ವರ್ಷ ಇಲ್ಲದ ಪ್ರೀತಿ ಎಲ್ಲಿಂದ ಬಂತು? 1948ರಲ್ಲಿ ಇದೇ ರಾಜ್ಯದ ಗವರ್ನರ್ ಸ್ಟ್ರಾಮ್ ಥರ್ಮಂಡ್ ಜನಾಂಗೀಯ ಪ್ರತ್ಯೇಕತೆ ಉಳಿಸಲೆಂದೇ ಅಧ್ಯಕ್ಷ ಚುನಾವಣೆಗೆ ನಿಂತರು, ಅವರ ಸಭೆಗಳಲ್ಲಿ ಈ ಬಾವುಟ ಹಾರಿತು. 1954ರಲ್ಲಿ ಬಿಳಿ ಮಕ್ಕಳಿಗೆ ಒಂದು, ಕಪ್ಪು ಮಕ್ಕಳಿಗೆ ಒಂದು ಶಾಲೆ ಕೂಡದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಜಾರ್ಜಿಯಾ ಬಾವುಟ ಬದಲಿಸಿದ ವರ್ಷ ಮತ್ತೆ ನೋಡಿ, 1956. ತಾತನ ನೆನಪಿಗೆ ಸ್ಟಿಕ್ಕರ್ ಅಂಟಿಸಿಕೊಂಡವರು ನಿಜಕ್ಕೂ ಇದ್ದಾರೆ, ಅವರೆಲ್ಲ ಸುಳ್ಳು ಹೇಳುತ್ತಿಲ್ಲ. ಆದರೆ ಬಾವುಟಕ್ಕೆ ಎರಡನೇ ಜನ್ಮ ಕೊಟ್ಟದ್ದು ತಾತನಲ್ಲ.

2015ರ ಜೂನ್ 17ರಂದು ಚಾರ್ಲ್ಸ್‌ಟನ್‌ನ ಇಮ್ಯಾನುಯೆಲ್ ಚರ್ಚಿನಲ್ಲಿ ಬೈಬಲ್ ಓದುತ್ತಾ ಕೂತಿದ್ದ ಒಂಬತ್ತು ಕಪ್ಪು ಜನರನ್ನು ಬಿಳಿಯ ಯುವಕನೊಬ್ಬ ಗುಂಡಿಟ್ಟು ಕೊಂದ. ಈ ಬಾವುಟ ಹಿಡಿದ ಅವನ ಫೋಟೋಗಳು ಹೊರಬಂದವು. ಸದನ 94–20 ಮತಗಳಿಂದ ಒಪ್ಪಿದ ಮೇಲೆ ಜುಲೈ 10ರಂದು ವಿಧಾನಸೌಧದ ಅಂಗಳದಿಂದ ಬಾವುಟ ಇಳಿಯಿತು. ಮಸೂದೆಗೆ ಸಹಿ ಹಾಕಿದ ಗವರ್ನರ್ ನಿಕ್ಕಿ ಹೇಲಿ, ಪಂಜಾಬಿನಿಂದ ಬಂದ ಸಿಖ್ ದಂಪತಿಯ ಮಗಳು. 'ನಮಗೂ ಇದಕ್ಕೂ ಸಂಬಂಧ ಇಲ್ಲ' ಅನ್ನುವ ಮಾತು ಈ ರಾಜ್ಯದಲ್ಲಂತೂ ನಿಲ್ಲುವುದಿಲ್ಲ.

ಇನ್ನು ಆಫೀಸು. ಅಭಿವ್ಯಕ್ತಿ ಸ್ವಾತಂತ್ರ್ಯದ ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು, ಖಾಸಗಿ ಕಂಪನಿಯನ್ನಲ್ಲ. ತನ್ನ ಪಾರ್ಕಿಂಗ್‌ನಲ್ಲಿ, ತನ್ನ ಕಟ್ಟಡದಲ್ಲಿ ಇದು ಬೇಡ ಅಂತ ಕಂಪನಿ ಹೇಳಬಹುದು. ನ್ಯಾಸ್‌ಕಾರ್ ರೇಸಿನವರು 2020ರ ಜೂನ್‌ನಲ್ಲಿ ಹಾಗೆಯೇ ನಿಷೇಧಿಸಿದರು. ಆದರೆ ರಾಜಕೀಯ ಅಭಿಪ್ರಾಯಕ್ಕಾಗಿ ಕೆಲಸದಿಂದ ತೆಗೆಯಬಾರದೆಂಬ ಹಳೆಯ ಕಾನೂನು ಸೌತ್ ಕ್ಯಾರೊಲಿನಾದಲ್ಲಿದೆ. ಚಾರ್ಲ್ಸ್‌ಟನ್ ಕಡೆಯ ಡೈರಿಯೊಂದರ ಮೆಕ್ಯಾನಿಕ್ ತನ್ನ ಸ್ವಂತ ಟೂಲ್ ಬಾಕ್ಸಿಗೆ ಈ ಸ್ಟಿಕ್ಕರ್ ಹಚ್ಚಿದ್ದ. ಸಹೋದ್ಯೋಗಿ ದೂರು ಕೊಟ್ಟರು. 'ಬೇರೆ ಟೂಲ್ ಬಾಕ್ಸ್ ನಾವೇ ಕೊಡಿಸುತ್ತೇವೆ' ಎಂದಿತು ಕಂಪನಿ. ಒಪ್ಪಲಿಲ್ಲ, ಕೆಲಸ ಹೋಯಿತು, ಇದೇ ಕಾನೂನು ಹಿಡಿದು ಕೋರ್ಟಿಗೆ ಹೋದ. ಇದು ರಾಜ್ಯ ಕೋರ್ಟಿನ ವಿಷಯ ಎಂದು ಫೆಡರಲ್ ಮೇಲ್ಮನವಿ ಕೋರ್ಟು 2004ರಲ್ಲಿ ವಾಪಸ್ ಕಳಿಸಿತು. ಆದ್ದರಿಂದ ಇಲ್ಲಿ ಎಚ್‌ಆರ್‌ನವರು ಒಂದು ಬಾವುಟವನ್ನು ಹೆಸರಿಸುವ ಬದಲು ಎಲ್ಲರಿಗೂ ಒಂದೇ ನಿಯಮ ಅಂತ ಹೊರಟರೆ ಅಚ್ಚರಿಪಡಬೇಡಿ.

ಬಂಪರಿನ ಮೇಲೆ ಒಂದು ಸ್ಟಿಕ್ಕರ್ ಇದೆ ಅನ್ನುವುದಷ್ಟೇ ಸಾಮಾನ್ಯವಾಗಿ ಕೇಸಾಗುವುದಿಲ್ಲ. 1964ರ ನಾಗರಿಕ ಹಕ್ಕು ಕಾಯ್ದೆಯಡಿ ಕಿರುಕುಳ ಅನ್ನಿಸಿಕೊಳ್ಳಲು ಅದು ತೀವ್ರವಾಗಿರಬೇಕು ಇಲ್ಲವೇ ಮತ್ತೆ ಮತ್ತೆ ಆಗುತ್ತಿರಬೇಕು. ಸ್ಟಿಕ್ಕರಿನ ಜೊತೆ ಚುಚ್ಚುಮಾತು, ಅಡ್ಡಹೆಸರು, ಗುರಿಯಿಟ್ಟ ಜೋಕು ಸೇರಿದರೆ ಲೆಕ್ಕ ಬೇರೆ. ಅಂಥದ್ದಾದರೆ ದಿನಾಂಕ, ಸಮಯ, ಜಾಗ, ಆಡಿದ ಮಾತು, ಪಕ್ಕದಲ್ಲಿ ಯಾರಿದ್ದರು ಎಲ್ಲವನ್ನೂ ಅವತ್ತೇ ಬರೆದಿಡಿ, ಅದೂ ಕಂಪನಿ ಲ್ಯಾಪ್‌ಟಾಪಿನಲ್ಲಲ್ಲ. ಎಚ್‌ಆರ್‌ಗೆ ಇಮೇಲಿನಲ್ಲೇ ತಿಳಿಸಿ. ಬಾಯಿಮಾತಿನ ದೂರಿಗೆ ಪುರಾವೆ ಇರುವುದಿಲ್ಲ. ಕೆಲಸದಲ್ಲಿನ ತಾರತಮ್ಯದ ದೂರು ನೋಡುವ ಫೆಡರಲ್ ಆಯೋಗ ಇಇಒಸಿಗೆ ದೂರು ಕೊಡಲು ಗಡುವು 180 ದಿನ, ರಾಜ್ಯದಲ್ಲೂ ಅಂಥ ಸಂಸ್ಥೆ ಇದ್ದರೆ 300. 180 ಅಂದುಕೊಂಡೇ ನಡೆಯುವುದು ಕ್ಷೇಮ. ಎಚ್-1ಬಿ ಉದ್ಯೋಗ ವೀಸಾ ಮೇಲಿದ್ದರೂ ಈ ರಕ್ಷಣೆ ನಿಮಗುಂಟು, ದೂರು ಕೊಟ್ಟದ್ದಕ್ಕೆ ಸೇಡು ತೀರಿಸಿಕೊಳ್ಳುವುದೂ ಕಾನೂನುಬಾಹಿರ. ಕೆಲಸ ಹೋದರೆ ಬೇರೆ ಕೆಲಸ ಹುಡುಕಿಕೊಳ್ಳಲು ಇಲ್ಲವೇ ದೇಶ ಬಿಡಲು 60 ದಿನದ ಗಡಿಯಾರ ಓಡತೊಡಗುತ್ತದೆ ಎಂಬ ಭಯದಿಂದ ನಮ್ಮವರು ಬಾಯಿ ಬಿಡುವುದಿಲ್ಲ. ಭಯ ಸುಳ್ಳಲ್ಲ, ಅದಕ್ಕೇ ಕಾಗದಪತ್ರ ಗಟ್ಟಿ ಇರಬೇಕು.

ಈಗ ನಿಮ್ಮ ಆ ವಾಕ್ಯ. 1923ರಲ್ಲಿ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಭಾರತೀಯರು ಬಿಳಿಯರಲ್ಲ, ಪೌರತ್ವ ಇಲ್ಲ ಎಂದಿತು. ಆತ ಅಮೆರಿಕದ ಸೇನೆಯಲ್ಲಿದ್ದವರು. ನಾನು 'ಆರ್ಯ', ಮೇಲ್ಜಾತಿ ಎಂದು ವಾದಿಸಿದ್ದರು. ಜಾತಿಯ ಹೆಮ್ಮೆ ಅಲ್ಲಿ ಕೆಲಸಕ್ಕೆ ಬರಲಿಲ್ಲ. 1946ರಲ್ಲಿ ಪೌರತ್ವದ ಬಾಗಿಲು ತೆರೆದು ವರ್ಷಕ್ಕೆ 100 ಜನ ಬರಬಹುದು ಎಂದರು. ನಮ್ಮವರು ಸಾವಿರಗಟ್ಟಲೆ ಬರಲು ದಾರಿ ಮಾಡಿದ್ದು 1965ರ ವಲಸೆ ಕಾನೂನು. ಕಪ್ಪು ಜನ ಬೀದಿಗಿಳಿದು, ಲಾಠಿ ತಿಂದು, ಜೈಲಿಗೆ ಹೋಗಿ ಪಡೆದ 1964, 1965ರ ನಾಗರಿಕ ಹಕ್ಕು ಕಾಯ್ದೆಗಳ ಅಲೆಯಲ್ಲೇ ಅದೂ ಬಂತು. ಆಮೇಲೂ ಆ ಬಾಗಿಲಲ್ಲಿ ಒಳಬಂದದ್ದು ಬಹುಮಟ್ಟಿಗೆ ಡಾಕ್ಟರು, ಎಂಜಿನಿಯರು. ಜರಡಿ ಹಿಡಿದು ಆರಿಸಿದ ಕಾಳನ್ನು ತೋರಿಸಿ, ಉಳಿದ ರಾಶಿ ಯಾಕೆ ಹೀಗಿಲ್ಲ ಅಂದಂತಾಯಿತು ನಿಮ್ಮ ಮಾತು. ಟೇಬಲ್ ತಣ್ಣಗಾದದ್ದು ಅದಕ್ಕೆ.

ಪ್ರಿವಿಲೇಜ್ ಅಂದರೆ ನೀವು ಕಷ್ಟಪಡಲಿಲ್ಲ ಅಂತಲ್ಲ. ಬೆಂಗಳೂರಿನಲ್ಲಿ ಮನೆ ಹುಡುಕುವಾಗ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಬೋರ್ಡು ಕಂಡು ಮುಂದೆ ಹೋಗಬೇಕಾಗದವರಿಗೆ, 'ನೀವು ಯಾವ ಪೈಕಿ?' ಎಂಬ ಪ್ರಶ್ನೆಗೆ ಎದೆ ಝಲ್ಲೆನ್ನದವರಿಗೆ ಇರುವುದೇ ಅದು. ಇಲ್ಲಿ ಅದು ಮನೆಸಾಲದಲ್ಲಿ ಕಾಣುತ್ತದೆ. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೇ ನಗರಗಳ ನಕ್ಷೆ ಬರೆದು ಕಪ್ಪು ಜನರಿದ್ದ ಬಡಾವಣೆಗಳಿಗೆ ಕೆಂಪು ಬಳಿಯಿತು, ಅಂದರೆ ಸಾಲ ಕೊಟ್ಟರೆ ಅಪಾಯ ಅಂತ. ಮನೆಯ ವಿಷಯದ ಈ ತಾರತಮ್ಯವನ್ನು ಕಾನೂನು ನಿಷೇಧಿಸಿದ್ದು 1968ರಲ್ಲಿ. ಅಷ್ಟರೊಳಗೆ ಒಂದು ತಲೆಮಾರು ಮನೆ ಕಟ್ಟಿ ಮಕ್ಕಳಿಗೆ ಬಿಟ್ಟಾಗಿತ್ತು, ಇನ್ನೊಂದು ಬಾಡಿಗೆ ಕಟ್ಟುತ್ತಿತ್ತು. ಶಾಲೆಯ ದುಡ್ಡಿನ ದೊಡ್ಡ ಪಾಲು ಊರಿನ ಆಸ್ತಿ ತೆರಿಗೆಯಿಂದಲೇ ಬರುತ್ತದೆ; 'ಹತ್ತಕ್ಕೆ ಒಂಬತ್ತು' ಅಂಕದ ಶಾಲೆ ಹುಡುಕಿಕೊಂಡು ಮನೆ ನೋಡುವಾಗ ನೀವು ಆ ಹಳೆಯ ಗೆರೆಗಳ ಮೇಲೇ ನಡೆಯುತ್ತಿರಬಹುದು. ಅಂದಹಾಗೆ, 'ಇಲ್ಲಿ ನಮ್ಮ ಜನ ಎಷ್ಟಿದ್ದಾರೆ?' ಅಂತ ಏಜೆಂಟರನ್ನು ಕೇಳಿದರೆ ಅವರು ಮಾತು ತೇಲಿಸುತ್ತಾರೆ. ಸೊಕ್ಕಲ್ಲ; ಉತ್ತರಿಸಿದರೆ ಇದೇ 1968ರ ಕಾನೂನು ಅವರ ಕೊರಳಿಗೆ ಬರುತ್ತದೆ.

ಒಂದು ಚಿಕ್ಕ ಎಚ್ಚರಿಕೆ. ಆಫೀಸಿನಲ್ಲಿ ಊರಿಗೆ ಫೋನ್ ಮಾಡಿ 'ಮಗು ಮೇಲೆ ನಿಗಾ ಇಡು' ಅನ್ನುವ ಬದಲು 'ಕಣ್ಣಿಡು' ಅನ್ನಿ. 'ನಿಗಾ' ಇಲ್ಲಿನ ಕಿವಿಗೆ ಏನಾಗಿ ಕೇಳುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ನಮ್ಮ ಹಳೆಯ ಪಠ್ಯಪುಸ್ತಕದ 'ನೀಗ್ರೋ' ಬಾಯಿಗೆ ಬರಲೇಕೂಡದು. 'ಕರಿಯ' ಅಂತ ಕನ್ನಡದಲ್ಲಿ ಅಂದರೆ ಯಾರಿಗೆ ತಿಳಿಯುತ್ತದೆ ಅನ್ನುವವರಿಗೆ ಉತ್ತರ: ಪಕ್ಕದಲ್ಲಿ ಕೂತ ನಿಮ್ಮ ಮಗುವಿಗೆ.

ಟ್ರಕ್ಕಿನವರ ಹತ್ತಿರ ನೀವಾಗಿ ವಾದಕ್ಕೆ ಹೋಗಬೇಡಿ, ಮಾತು ಬಂದರೆ 1860ರ ಘೋಷಣೆ ಓದಿದ್ದೀರಾ ಅಂತ ಕೇಳಿ ಸುಮ್ಮನಾಗಿ. ಟೇಬಲ್ಲಿನಲ್ಲಿದ್ದ ಕಪ್ಪು ಸಹೋದ್ಯೋಗಿಗೆ 'ಅವತ್ತು ತಿಳಿಯದೆ ಆಡಿದೆ' ಅಂದರೆ ಸಾಕು, ಕೂತು ಇತಿಹಾಸ ಕಲಿಸಿ ಅಂತ ಅವರ ಬೆನ್ನು ಬೀಳಬೇಡಿ. ಅದಕ್ಕೆ ಚಾರ್ಲ್ಸ್‌ಟನ್ ಇದೆ, ಕಾರಿನಲ್ಲಿ ಮೂರೂವರೆ ಗಂಟೆ. ಯುದ್ಧದ ಮೊದಲ ಗುಂಡು ಬಿದ್ದ ಫೋರ್ಟ್ ಸಮ್ಟರ್‌ಗೆ ದೋಣಿಯಲ್ಲಿ ಹೋಗಬೇಕು, ಬೆಳಗ್ಗೆಯೇ ಮುಗಿಸಿಕೊಳ್ಳಿ. ಮಧ್ಯಾಹ್ನ 2023ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ; ಅದು ನಿಂತಿರುವುದೇ ಗುಲಾಮರ ಹಡಗುಗಳು ಬಂದು ತಂಗುತ್ತಿದ್ದ ಗ್ಯಾಡ್ಸ್‌ಡೆನ್ ಧಕ್ಕೆಯ ಜಾಗದಲ್ಲಿ. ಸಂಜೆ ಇಮ್ಯಾನುಯೆಲ್ ಚರ್ಚಿನ ಮುಂದೆ ನಿಂತು ಬೀದಿಯ ಹೆಸರಿನ ಫಲಕ ಓದಿ: ಕ್ಯಾಲ್‌ಹೂನ್ ಸ್ಟ್ರೀಟ್. ಗುಲಾಮಗಿರಿ ಒಳ್ಳೆಯದೇ ಎಂದು ಸೆನೆಟ್ಟಿನಲ್ಲಿ ವಾದಿಸಿದ ಜಾನ್ ಕ್ಯಾಲ್‌ಹೂನ್ ಹೆಸರದು. ಹತ್ತಿರದ ಮ್ಯಾರಿಯನ್ ಸ್ಕ್ವೇರಿನಲ್ಲಿದ್ದ ಅವರ ಪ್ರತಿಮೆಯನ್ನು 2020ರ ಜೂನ್‌ನಲ್ಲಿ ಇಳಿಸಿದರು. ಚರ್ಚಿನ ವಿಳಾಸ ಮಾತ್ರ ಅದೇ ಇದೆ.