ಬಿಎಸ್‌ಸಿ ನರ್ಸಿಂಗ್ ಮುಗಿದಿದೆ, ಮೊದಲ ಕೆಲಸಕ್ಕೆ ಐಸಿಯು ಒಳ್ಳೆಯದಾ, ವಾರ್ಡ್ ಒಳ್ಳೆಯದಾ?

ಒಂದು ಆಸ್ಪತ್ರೆ ನೇರವಾಗಿ ಐಸಿಯುಗೆ ತಗೊಳ್ತೀವಿ ಅಂತಿದೆ, ಇನ್ನೊಂದು ಜನರಲ್ ವಾರ್ಡ್‌ಗೆ ಕರೆದಿದೆ, ಅಲ್ಲಿ ಸಂಬಳ ಸ್ವಲ್ಪ ಕಡಿಮೆ, ಯಾವುದು ಸೇರಲಿ ಅಂತ ಕೇಳಿದ್ದೀರಿ. ನಾನಾಗಿದ್ದರೆ ವಾರ್ಡ್ ಸೇರುತ್ತೇನೆ. ಮೆಡಿಕಲ್ ಅಥವಾ ಸರ್ಜಿಕಲ್ ವಾರ್ಡ್, ಕನಿಷ್ಠ ಒಂದು ವರ್ಷ. ವಾರ್ಡ್ ಇನ್‌ಚಾರ್ಜ್ ಆಗಿ ಹೊಸಬರನ್ನು ಹತ್ತಿರದಿಂದ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಐಸಿಯುನಲ್ಲಿ ಏನಾದರೂ ಹೆಚ್ಚುಕಮ್ಮಿ ಆದರೆ ಮಾನಿಟರ್ ಕೂಗುತ್ತದೆ. ವಾರ್ಡ್‌ನಲ್ಲಿ ನೀವೇ ಕಂಡುಹಿಡಿಯಬೇಕು. ಉಸಿರಾಟವನ್ನೇ ತಗೊಳ್ಳಿ. ಎಷ್ಟೋ ಚಾರ್ಟ್‌ಗಳಲ್ಲಿ ಎಲ್ಲ ರೋಗಿಗಳಿಗೂ 20 ಅಂತ ಸುಮ್ನೆ ಬರೆದಿರುತ್ತಾರೆ. ನೀವು ಹಾಗೆ ಮಾಡಬೇಡಿ. ಪೂರ್ತಿ ಒಂದು ನಿಮಿಷ ಎದೆ ಏರಿ ಇಳಿಯುವುದನ್ನು ಎಣಿಸಿ. ಬೆಳಿಗ್ಗೆ 18 ಇದ್ದವರಿಗೆ ಸಂಜೆ 28 ಬಂದರೆ, ಬಿಪಿ ಸರಿ ಇದ್ದರೂ ಡಾಕ್ಟರಿಗೆ ಹೇಳಲೇಬೇಕು. ರೋಗಿ ಹದಗೆಡುವ ಮುಂಚೆ ಮೊದಲು ಬದಲಾಗುವುದು ಹೆಚ್ಚಾಗಿ ಉಸಿರೇ.

ಡಾಕ್ಟರಿಗೆ ಫೋನ್ ಮಾಡುವುದೂ ಒಂದು ಕೆಲಸವೇ. ರಾತ್ರಿ 2 ಗಂಟೆಗೆ ‘ಸರ್, ಪೇಷಂಟ್ ಯಾಕೋ ಸರಿ ಇಲ್ಲ’ ಅಂದರೆ ಅವರಿಗೆ ಏನು ಗೊತ್ತಾಗುತ್ತೆ ಹೇಳಿ? ‘ಸರ್, ಸರ್ಜಿಕಲ್ ವಾರ್ಡಿಂದ ಸಿಸ್ಟರ್ ಮಾತಾಡ್ತಿದ್ದೀನಿ. ಬೆಡ್ 12, ನಿನ್ನೆ ಅಪೆಂಡಿಕ್ಸ್ ಆಪರೇಷನ್ ಆದವರು. ಪಲ್ಸ್ 124, ಬಿಪಿ 90/60, ಹೊಟ್ಟೆ ಗಟ್ಟಿಯಾಗಿದೆ, ಯೂರಿನ್ ಕಡಿಮೆ. ಈಗ್ಲೇ ಬಂದು ನೋಡ್ಬೇಕು ಸರ್.’ ಹೀಗೆ ಹೇಳಿದರೆ ಎದ್ದು ಬರುತ್ತಾರೆ. ಮೊದಮೊದಲು ಚೀಟಿಯಲ್ಲಿ ಬರೆದುಕೊಂಡೇ ಫೋನ್ ಮಾಡಿ, ಅದರಲ್ಲಿ ನಾಚಿಕೆ ಏನಿಲ್ಲ.

ಡ್ರಿಪ್ ಲೆಕ್ಕವೂ, ವೇಗವನ್ನು ತಾನೇ ನೋಡಿಕೊಳ್ಳುವ ಪಂಪ್ ಇಲ್ಲದ ವಾರ್ಡ್‌ನಲ್ಲೇ ಕೈಗೆ ಕೂರುವುದು. 500 ಎಂಎಲ್ ಅನ್ನು 4 ಗಂಟೆಯಲ್ಲಿ ಮುಗಿಸಬೇಕು, ಡ್ರಿಪ್ ಸೆಟ್ (ಹನಿ ಬೀಳುವ ಟ್ಯೂಬ್) ಎಂಎಲ್‌ಗೆ 20 ಹನಿಯದು ಅಂದರೆ ನಿಮಿಷಕ್ಕೆ ಸುಮಾರು 42 ಹನಿ. ಎಷ್ಟು ಹನಿಯ ಸೆಟ್ ಅಂತ ಕವರ್ ಮೇಲೇ ಇರುತ್ತದೆ, ಓದಿ. ಇನ್ನೊಂದು ಮಾತು, ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲನ್ನು ಯಾರೇ ಹೇಳಿದರೂ ನೇರವಾಗಿ ವೀನ್‌ಗೆ ಕೊಡಬೇಡಿ, ಹೃದಯವೇ ನಿಂತುಬಿಡುತ್ತದೆ. ಅದನ್ನು ಡ್ರಿಪ್‌ನಲ್ಲಿ ಬೆರೆಸಿ, ಇನ್ನೊಬ್ಬ ಸಿಸ್ಟರ್ ಚೆಕ್ ಮಾಡಿದ ಮೇಲೆ, ನಿಧಾನವಾಗಿಯೇ ಕೊಡಬೇಕು.

ಇಂಟರ್‌ವ್ಯೂನಲ್ಲಿ ಸಂಬಳದ ಜೊತೆ ಇದನ್ನೂ ಕೇಳಿ: ಎಷ್ಟು ದಿನ ಸೀನಿಯರ್ ಜೊತೆ ಹಾಕ್ತೀರಿ? ನೈಟ್ ಡ್ಯೂಟಿಯಲ್ಲಿ ಒಬ್ಬರಿಗೆ ಎಷ್ಟು ರೋಗಿಗಳು? ‘ಒಂದು ವಾರ, ಆಮೇಲೆ ನೀವೇ ನೋಡ್ಕೋಬೇಕು’ ಅಂದರೆ ಸಂಬಳ ಎಷ್ಟೇ ಇರಲಿ, ಆ ಕೆಲಸ ಬೇಡ. ಹಾಗೆಯೇ ವಾರ್ಡ್‌ನವರು ಹೀಗಂದು, ಐಸಿಯುನವರು ತಿಂಗಳುಗಟ್ಟಲೆ ಜೊತೆಗಿದ್ದು ಕಲಿಸ್ತೀವಿ ಅಂದರೆ ಐಸಿಯು ಸೇರಿ. ಕಲಿಸುವವರು ಇರುವ ಕಡೆ ಹೋಗಿ, ಅಷ್ಟೇ.

ಕಾಗದಪತ್ರದ ವಿಷಯ. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ರಿಜಿಸ್ಟ್ರೇಷನ್ ಮೊದಲು ಮಾಡಿಸಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೋರಿಸಿ, ಆದರೆ ಯಾರ ಹತ್ತಿರವೂ ಬಿಡಬೇಡಿ. ಕೆಲಸ ಬಿಡುವಾಗ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್‌ನಲ್ಲಿ ತಾರೀಖು, ವಾರ್ಡ್, ಆಸ್ಪತ್ರೆಯಲ್ಲಿ ಒಟ್ಟು ಎಷ್ಟು ಬೆಡ್ ಇವೆ ಅನ್ನುವುದನ್ನು ಬರೆಸಿಕೊಳ್ಳಿ. ಏಮ್ಸ್‌ಗೆ ನರ್ಸಿಂಗ್ ಆಫೀಸರ್‌ಗಳನ್ನು ಆರಿಸುವ ನಾರ್ಸೆಟ್ ಪರೀಕ್ಷೆಗೆ ಬಿಎಸ್‌ಸಿ ಆದವರಿಗೆ ಅನುಭವ ಬೇಕಿಲ್ಲ. ಆದರೆ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿದ ನಿಮ್ಮ ಗೆಳತಿಯರಿಗೆ ಕನಿಷ್ಠ 50 ಬೆಡ್ ಇರುವ ಆಸ್ಪತ್ರೆಯಲ್ಲಿ 2 ವರ್ಷ ಆಗಿರಬೇಕು. ಊರಿನ ಸಣ್ಣ ನರ್ಸಿಂಗ್ ಹೋಂ ಸೇರುವ ಮುಂಚೆ ಅವರಿಗೆ ಇದನ್ನು ಹೇಳಿ.

ಹೆಪಟೈಟಿಸ್ ಬಿ ಲಸಿಕೆಯ 3 ಡೋಸ್ ಆಗಿದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಸೇರುವ ಮುಂಚೆಯೇ ಶುರು ಮಾಡಿ. ಡ್ಯೂಟಿಯಲ್ಲಿ ಸೂಜಿ ಚುಚ್ಚಿಕೊಂಡರೆ ಸೋಪು ನೀರಲ್ಲಿ ತೊಳೆದು, ಬೈತಾರೆ ಅಂತ ಮುಚ್ಚಿಡದೆ ತಕ್ಷಣ ಇನ್‌ಚಾರ್ಜ್‌ಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಆದಷ್ಟು ಬೇಗ, ತಡವಾದರೂ 72 ಗಂಟೆಯೊಳಗೆ ಶುರುವಾಗಬೇಕು.