ಯೇಸುವಿನ ಎರಡು ವಂಶಾವಳಿ

ನಿಮ್ಮ ಪತ್ರ ಓದಿದೆ. ‘ಯೇಸು ದಾವೀದ ರಾಜನ ವಂಶದವನು ಅಂತ ಮತ್ತಾಯ, ಲೂಕ ಇಬ್ಬರೂ ತಮ್ಮ ಸುವಾರ್ತೆಗಳಲ್ಲಿ ಬರೆದಿರುವಾಗ ಯಹೂದ್ಯರು ಒಪ್ಪದಿರುವುದು ಬರೀ ಹಟ ಅಲ್ವಾ?’ ಅಂತ ಕೇಳಿದ್ದೀರಿ. ಹಟ ಅಲ್ಲ. ಬರಬೇಕಾದ ಮೆಸ್ಸೀಯ, ಅಂದರೆ ದೇವರು ಕಳಿಸುವ ರಾಜ, ದಾವೀದನ ವಂಶದವನೇ ಆಗಿರಬೇಕು ಎಂಬುದು ಯಹೂದ್ಯರ ನಂಬಿಕೆ. ಅದಕ್ಕೇ ಈ ವಂಶಾವಳಿಯ ಮಾತಿಗೆ ಇಷ್ಟು ತೂಕ.

ಮೊದಲು ಪಟ್ಟಿಗಳನ್ನೇ ನೋಡಿ. ಮತ್ತಾಯ ಅಬ್ರಹಾಮನಿಂದ ಶುರು ಮಾಡಿ ದಾವೀದ, ಸೊಲೊಮೋನ ಅಂತ ರಾಜರ ಸಾಲಿನಲ್ಲೇ ಇಳಿದು ಯೇಸುವಿನ ತಾಯಿ ಮರಿಯಳ ಗಂಡ ಯೋಸೇಫನಿಗೆ ಬರುತ್ತಾನೆ. ಲೂಕ ಯೇಸುವಿನಿಂದ ಹಿಂದಕ್ಕೆ ಆದಾಮನವರೆಗೂ ಹೋಗುತ್ತಾನೆ, ಆದರೆ ದಾವೀದನ ಇನ್ನೊಬ್ಬ ಮಗ ನಾತಾನನ ಕಡೆಯಿಂದ. ಯೋಸೇಫನ ಅಪ್ಪನ ಹೆಸರೇ ಬೇರೆ: ಅಲ್ಲಿ ಯಾಕೋಬ, ಇಲ್ಲಿ ಹೇಲಿ.

ಇದಕ್ಕೆ 3ನೇ ಶತಮಾನದಲ್ಲೇ ಜೂಲಿಯಸ್ ಆಫ್ರಿಕಾನಸ್ ಎಂಬ ಕ್ರೈಸ್ತ ಲೇಖಕ ಉತ್ತರ ಕೊಟ್ಟಿದ್ದ. ಯಾಕೋಬ, ಹೇಲಿ ಒಂದೇ ತಾಯಿಯ ಮಕ್ಕಳು, ಅಪ್ಪಂದಿರು ಬೇರೆ. ಹೇಲಿ ಮಕ್ಕಳಿಲ್ಲದೆ ಸತ್ತ, ಸತ್ತವನ ವಂಶವನ್ನು ಸೋದರ ಉಳಿಸಬೇಕೆಂಬ ಮೋಶೆಯ ಕಟ್ಟಳೆಯಂತೆ ಯಾಕೋಬ ಅವನ ಹೆಂಡತಿಯನ್ನು ಮದುವೆಯಾದ, ಹುಟ್ಟಿದ ಯೋಸೇಫ ರಕ್ತದಲ್ಲಿ ಯಾಕೋಬನ ಮಗ, ಕಟ್ಟಳೆಯ ಲೆಕ್ಕದಲ್ಲಿ ಹೇಲಿಯ ಮಗ. ಈಗ ಜಾಸ್ತಿ ಕೇಳಿಬರುವ ‘ಲೂಕನದು ಮರಿಯಳ ವಂಶಾವಳಿ’ ಎಂಬ ಮಾತಿಗಿಂತ ನನಗೆ ಇದೇ ವಾಸಿ. ಲೂಕ ಆ ಪಟ್ಟಿಯಲ್ಲಿ ಮರಿಯಳ ಹೆಸರೇ ಎತ್ತುವುದಿಲ್ಲ.

ಯಹೂದ್ಯರ ತಕರಾರು ಬೇರೆ. ಯೇಸು ಕನ್ಯೆಗೆ ಹುಟ್ಟಿದ ಅಂದಮೇಲೆ ಯೋಸೇಫನ ಪೂರ್ವಿಕರು ಯಾರಾದರೇನು? ಯಹೂದ್ಯರಲ್ಲಿ ಯಹೂದಿತನ ಬರುವುದು ತಾಯಿಯಿಂದ, ಕುಲ ಮಾತ್ರ ಅಪ್ಪನಿಂದ. ದತ್ತು ತೆಗೆದುಕೊಂಡರೂ ಕುಲ ಬದಲಾಗುವುದಿಲ್ಲ. ಯಾಜಕ ಮನೆತನದವನು ಸಾಕಿಕೊಂಡ ಹುಡುಗ ಅಷ್ಟರಿಂದಲೇ ಯಾಜಕನಾಗಲಾರ. ಯೋಸೇಫ ಮಗುವಿಗೆ ಹೆಸರಿಟ್ಟು ತನ್ನದೆಂದು ಒಪ್ಪಿಕೊಂಡನಲ್ಲ, ಅಷ್ಟು ಸಾಕು ಅನ್ನುವುದು ಕ್ರೈಸ್ತರ ಮಾತು. ನಿಜವಾದ ಜಗಳ ಇರುವುದು ಇಲ್ಲಿ.

ಯೆಹೂದದ ರಾಜ ಯೆಕೊನ್ಯನ ಶಾಪದ ಬಗ್ಗೆಯೂ ಕೇಳಿದ್ದೀರಿ. ಅವನ ಸಂತಾನದವರು ಯಾರೂ ದಾವೀದನ ಸಿಂಹಾಸನದಲ್ಲಿ ಕೂರುವುದಿಲ್ಲ ಅಂತ ಪ್ರವಾದಿ ಯೆರೆಮೀಯ (22:30) ನುಡಿದಿದ್ದಾನೆ, ಮತ್ತಾಯನ ಪಟ್ಟಿಯಲ್ಲಿ ಅದೇ ಯೆಕೊನ್ಯ ಇದ್ದಾನೆ, ಅಲ್ಲಿಗೆ ಕಥೆ ಮುಗೀತು ಅಂತ ಕೆಲವರು ವಾದಿಸುತ್ತಾರೆ. ಅಷ್ಟು ಸುಲಭ ಅಲ್ಲ. ಯೆಕೊನ್ಯ ಪಶ್ಚಾತ್ತಾಪ ಪಟ್ಟ, ಶಾಪ ಕಳೆಯಿತು ಅಂದವರು ಯಹೂದ್ಯರ ಗುರುಗಳಾದ ರಬ್ಬಿಗಳೇ. ಅವನ ವಂಶದ ಜೆರುಬ್ಬಾಬೆಲನನ್ನು ಮುದ್ರೆಯುಂಗುರದಂತೆ ಇಟ್ಟುಕೊಳ್ಳುತ್ತೇನೆ ಎಂಬ ದೇವರ ಮಾತು ಪ್ರವಾದಿ ಹಗ್ಗಾಯನ ಗ್ರಂಥದಲ್ಲಿದೆ.

ಪುರುಸೊತ್ತಿದ್ದರೆ ಮತ್ತಾಯನ ಪಟ್ಟಿಯನ್ನು ಹಳೆಯ ಒಡಂಬಡಿಕೆಯ ಮೊದಲನೆಯ ಪೂರ್ವಕಾಲವೃತ್ತಾಂತದ 3ನೇ ಅಧ್ಯಾಯದ ಪಕ್ಕ ಇಟ್ಟು ಓದಿ. ಯೋರಾಮನಾದ ಮೇಲೆ ಅಹಜ್ಯ, ಯೋವಾಷ, ಅಮಚ್ಯ ಮೂವರೂ ರಾಜರು ಮತ್ತಾಯನಲ್ಲಿ ಮಾಯ! ಅವನು ಪಟ್ಟಿಯನ್ನು 14 ತಲೆಮಾರಿನ ಮೂರು ಭಾಗ ಮಾಡುತ್ತಾನೆ, ಆ ಲೆಕ್ಕ ಕೂಡಿಸಲು ಬಿಟ್ಟಿರಬೇಕು. ಅದೇ ಮತ್ತಾಯ ತಾಮಾರ, ರಹಾಬ್, ರೂತ್, ಊರೀಯನ ಹೆಂಡತಿ, ಈ ನಾಲ್ವರು ಹೆಂಗಸರನ್ನು ಮಾತ್ರ ಬಿಡಲಿಲ್ಲ. ಯಾಕಿರಬಹುದು ಅಂತ ನಿಮಗನ್ನಿಸಿದ್ದನ್ನು ಬರೆದು ಕಳಿಸಿ.