ಟೊಮೆಟೊ ಸಾಸ್ ನೀರಾಗುತ್ತದೆ, ಹುಳಿ ಹೊಡೆಯುತ್ತದೆ ಅಂದವರಿಗೆ

ಪಾಸ್ತಾಗೆ ಸಾಸ್ ಮಾಡಲು ಟೊಮೆಟೊ ಮಿಕ್ಸಿಗೆ ಹಾಕಿ, ಆಳವಾದ ಪಾತ್ರೆಯಲ್ಲಿ ಮುಚ್ಚಿ ಬೇಯಿಸಿದೆ, ನೀರು ನೀರಾಯಿತು, ಹುಳಿಗೆ ಸಕ್ಕರೆ ಹಾಕಿದರೆ ಕೆಚಪ್ ರುಚಿ ಬಂತು ಅಂತ ಬರೆದಿದ್ದೀರಿ. ಮೊದಲು ಸಕ್ಕರೆ ಡಬ್ಬ ಪಕ್ಕಕ್ಕಿಡಿ. ಮುಚ್ಚಳವೂ ಬೇಡ, ಮಿಕ್ಸಿಯೂ ಬೇಡ. ಅಗಲವಾದ ಸ್ಟೀಲ್ ಬಾಣಲೆ ತೆಗೆದುಕೊಳ್ಳಿ. ಕಬ್ಬಿಣ, ಅಲ್ಯೂಮಿನಿಯಂ ಆಗದು, ಹುಳಿಗೆ ಲೋಹದ ರುಚಿ ಬಿಡುತ್ತವೆ.

ಅರ್ಧ ಕೆಲಸ ಟೊಮೆಟೊ ಆರಿಸುವಾಗಲೇ ಮುಗಿಯುತ್ತದೆ. ದುಂಡಗಿನ, ರಸ ತುಂಬಿದ ಹಣ್ಣು ಸಲಾಡ್‌ಗೆ ಚೆನ್ನ, ಸಾಸ್‌ಗೆ ಅಲ್ಲ. ಉದ್ದನೆಯ, ತಿರುಳು ದಪ್ಪ, ಬೀಜ ಕಡಿಮೆ ಇರುವ ಜಾತಿ ಬೇಕು. ಇಟಲಿಯ ನೇಪಲ್ಸ್ ಹತ್ತಿರ, ವೆಸೂವಿಯಸ್ ಜ್ವಾಲಾಮುಖಿಯ ಸೀಮೆಯಲ್ಲಿ ಬೆಳೆಯುವ ಸಾನ್ ಮಾರ್ಜಾನೊ ಇದಕ್ಕೇ ಹೆಸರುವಾಸಿ, 1996ರಿಂದ ಅದಕ್ಕೆ ಯುರೋಪಿನ ಡಿಒಪಿ ಗುರುತೂ (ಆ ಸೀಮೆಯಲ್ಲೇ ಬೆಳೆದ ಅಸಲಿ ಹಣ್ಣು ಅನ್ನುವ ಮುದ್ರೆ) ಇದೆ. ಪೂರ್ತಿ ಹಣ್ಣಾದ ತಾಜಾ ಟೊಮೆಟೊ ಸಿಗದಿದ್ದರೆ ಡಬ್ಬದ್ದೇ ವಾಸಿ, ಇಟಲಿಯವರೂ ಧಾರಾಳವಾಗಿ ಬಳಸುತ್ತಾರೆ. ಆದರೆ ಸಿಪ್ಪೆ ತೆಗೆದ ಇಡೀ ಹಣ್ಣಿನ ಡಬ್ಬ ತಗೊಳ್ಳಿ, ಹೆಚ್ಚಿದ್ದು ಬೇಡ. ಹೆಚ್ಚಿದ ಹೋಳು ಕರಗದೆ ಇರಲಿ ಅಂತ ಅದಕ್ಕೆ ಸಾಮಾನ್ಯವಾಗಿ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿರುತ್ತಾರೆ, ಎಷ್ಟು ಕುದಿಸಿದರೂ ಹೋಳು ಹೋಳಾಗೇ ಉಳಿಯುತ್ತದೆ.

ತಾಜಾ ಆದರೆ ಬುಡದಲ್ಲಿ ಅಡ್ಡ ಉದ್ದ ಸೀಳಿ ಅರ್ಧ ನಿಮಿಷ ಕುದಿಯುವ ನೀರಿಗೆ, ಆಮೇಲೆ ತಣ್ಣೀರಿಗೆ ಹಾಕಿ. ಸಿಪ್ಪೆ ಸುಲಭವಾಗಿ ಬರುತ್ತದೆ. ಕೈಯಲ್ಲೇ ಹಿಸುಕಿ. ಮಿಕ್ಸಿಯಲ್ಲಿ ಬೀಜ ಒಡೆದು ಕಹಿ ಬಿಡಬಹುದು, ಗಾಳಿ ಸೇರಿ ಕೆಂಪು ಬಣ್ಣ ಮಾಸಿ ಕಿತ್ತಳೆಯಾಗುತ್ತದೆ. ನುಣ್ಣಗೇ ಬೇಕು ಅಂದರೆ ಬೆಂದ ಮೇಲೆ ಜರಡಿಯಲ್ಲಿ ಸೋಸಿ.

ನಾಲ್ಕು ಜನಕ್ಕೆ 800 ಗ್ರಾಂ ಟೊಮೆಟೊ, 400 ಗ್ರಾಂ ಪಾಸ್ತಾ ಲೆಕ್ಕ. ನಾಲ್ಕು ದೊಡ್ಡ ಚಮಚ ಆಲಿವ್ ಎಣ್ಣೆ, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಎರಡನ್ನೂ ತಣ್ಣಗಿನ ಬಾಣಲೆಗೇ ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಬೆಳ್ಳುಳ್ಳಿ ತಿಳಿ ಹೊಂಬಣ್ಣಕ್ಕೆ ತಿರುಗಿದ ಕೂಡಲೇ ಟೊಮೆಟೊ. ಕಂದಾದರೆ ಕಹಿ, ಹಾಗಾದರೆ ಎಣ್ಣೆ ಸಮೇತ ಚೆಲ್ಲಿ ಮತ್ತೆ ಶುರು ಮಾಡಿ, ಆ ಕಹಿ ಯಾವುದರಿಂದಲೂ ಹೋಗಲ್ಲ. ಈರುಳ್ಳಿ ಇಷ್ಟವಾದರೆ ಬೆಳ್ಳುಳ್ಳಿ ಬದಲು ಅದನ್ನೇ ಹಾಕಿ, ಬಣ್ಣ ಬರದಂತೆ ಮೆತ್ತಗೆ ಮಾಡಿ. ನನಗಂತೂ ಎರಡೂ ಒಟ್ಟಿಗೆ ಹಿಡಿಸಲ್ಲ, ಟೊಮೆಟೊ ರುಚಿಯೇ ಹಿಂದೆ ಬೀಳುತ್ತದೆ.

ಒಂದು ಸಣ್ಣ ಚಮಚ ಉಪ್ಪು, ಒಂದು ಕಡ್ಡಿ ಬೇಸಿಲ್ (ತುಳಸಿ ಜಾತಿಯ ಸೊಪ್ಪು) ಎಲೆ ಸಮೇತ ಹಾಕಿ ಮುಚ್ಚದೆ 20-25 ನಿಮಿಷ ಕುದಿಸಿ. ಗಂಟೆಗಟ್ಟಲೆ ಕುದಿಸುವುದು ರಾಗು ಅನ್ನುವ ಮಾಂಸದ ಸಾಸ್‌ಗೆ, ಇದಕ್ಕಲ್ಲ. ಗಡಿಯಾರಕ್ಕಿಂತ ಬಾಣಲೆ ನೋಡಿ: ಸೌಟು ಎಳೆದರೆ ತಳ ಒಂದು ಕ್ಷಣ ಕಾಣಬೇಕು, ಅಂಚಿನಲ್ಲಿ ಎಣ್ಣೆ ಬಿಡಬೇಕು. ಆಮೇಲೆ ಕಡ್ಡಿ ತೆಗೆಯಿರಿ.

ಈಗ ಹುಳಿ. ಕುದಿಸಿದರೆ ನೀರು ಆವಿಯಾಗುತ್ತದೆ, ಹುಳಿ ಹಾಗೇ ಉಳಿಯುತ್ತದೆ, ಅದಕ್ಕೇ ಹಣ್ಣು ಮಾಗಿರಬೇಕು ಅಂದದ್ದು. ಮೊದಲು ಉಪ್ಪು ನೋಡಿ, ಉಪ್ಪು ಕಡಿಮೆಯಾದರೂ ಹುಳಿ ಎದ್ದು ಕಾಣುತ್ತದೆ. ಆಮೇಲೆ ಒಂದು ತುಂಡು ಬೆಣ್ಣೆ. ಅದಕ್ಕೂ ಬಗ್ಗದಿದ್ದರೆ ಚಿಟಿಕೆ ಅಡುಗೆ ಸೋಡಾ, ಅದು ನಿಜವಾಗಿ ಆಮ್ಲವನ್ನೇ ತಗ್ಗಿಸುತ್ತದೆ, ಸಕ್ಕರೆ ಸುಮ್ನೆ ಮರೆಮಾಚುತ್ತದೆ. ಚಿಟಿಕೆ ಅಂದರೆ ಚಿಟಿಕೆಯೇ, ಜಾಸ್ತಿಯಾದರೆ ಸಾಬೂನಿನ ರುಚಿ.

ಪಾಸ್ತಾ ಪೂರ್ತಿ ಬೇಯುವ ಎರಡು ನಿಮಿಷ ಮೊದಲೇ ಎತ್ತಿ ಸಾಸ್‌ಗೆ ಹಾಕಿ, ಬೇಯಿಸಿದ ನೀರು ಒಂದು ಸೌಟು ಸೇರಿಸಿ ದೊಡ್ಡ ಉರಿಯಲ್ಲಿ ತಿರುವಿ. ಆ ನೀರಿನ ಗಂಜಿಯಿಂದಲೇ ಸಾಸ್ ಪಾಸ್ತಾಕ್ಕೆ ಅಂಟಿಕೊಳ್ಳುತ್ತದೆ. ಮೇಲಿಂದ ಸುರಿದರೆ ತಟ್ಟೆ ತಳಕ್ಕೆ ಇಳಿಯುತ್ತದೆ ಅಷ್ಟೇ.

ಉಳಿದದ್ದು ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ, ಫ್ರೀಜರ್‌ನಲ್ಲಿ ಮೂರು ತಿಂಗಳು. ಬಾಟಲಿಗೆ ತುಂಬಿ ಹೊರಗೆ ಇಡಬೇಡಿ. ಬೆಳ್ಳುಳ್ಳಿ, ಎಣ್ಣೆ ಇರುವ ಸಾಸ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆದು, ಬೊಟುಲಿಸಂ ಅನ್ನುವ ಪ್ರಾಣಾಪಾಯದ ಕಾಯಿಲೆ ತರುವ ವಿಷ ಸೇರಬಹುದು, ಅದು ವಾಸನೆಯಲ್ಲೂ ಬಣ್ಣದಲ್ಲೂ ಗೊತ್ತಾಗಲ್ಲ.